ಟೈಲರ್ ಅಕ್ಕ ಉಳಿಸಿಕೊಂಡ ಬೆಕ್ಕು

ನ್ಯಾಮತಿಯ ಹೊಲಿಗೆ ಅಂಗಡಿ ಮುಚ್ಚಿದ ಸುದ್ದಿ ಜಗಳೂರಿನಲ್ಲಿದ್ದ ನನಗೆ ತಲುಪಿದ್ದು ಅದನ್ನು ನಡೆಸುತ್ತಿದ್ದ ಅಕ್ಕನ ಬಾಯಿಂದಲೇ. ಫೋನ್ ಎತ್ತಿದ ಕೂಡಲೇ, ನಾನು ಹಲೋ ಎನ್ನುವ ಮೊದಲೇ, "ಇವತ್ತಿಗೆ ಮಿಷಿನ್ ನಿಲ್ಲಿಸಿದೆ ನೋಡು" ಎಂದರು. ನಾನು ಗಾಬರಿಯಿಂದ ಏನಾಯಿತು ಎಂದು ಕೇಳಿದೆ.

"ಏನೂ ಆಗಿಲ್ಲ. ಸೂಜಿಗೆ ದಾರ ಪೋಣಿಸಾಕೆ ಇನ್ನೊಬ್ಬರನ್ನ ಕರೆಯೋ ದಿನ ಬಂದ್ರೆ ಅವತ್ತೇ ಅಂಗಡಿ ಮುಚ್ಚಬೇಕು ಅಂತ ಮೊದಲಿಂದಾನೂ ಅನ್ಕೊಂಡಿದ್ದೆ. ಇವತ್ತು ಕರೆದೆ. ಮುಚ್ಚಿದೆ."

ಆ ದನಿಯಲ್ಲಿ ದುಃಖವನ್ನು ಹುಡುಕಿದೆ, ಸಿಗಲಿಲ್ಲ. ಮುಂದಿನ ವಾರ ಕತ್ತಲಗೆರೆಗೆ, ಮಗಳ ಮನೆಗೆ ಹೋಗುವುದಾಗಿಯೂ, ಬೆಕ್ಕನ್ನೂ ಕರೆದುಕೊಂಡು ಹೋಗುವುದಾಗಿಯೂ ಹೇಳಿ ಫೋನ್ ಇಟ್ಟರು. ಮೂವತ್ತು ವರ್ಷ ತುಳಿದ ಮಿಷಿನ್ನಿನ ವಿಷಯ ಒಂದು ನಿಮಿಷದಲ್ಲಿ ಮುಗಿದಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾಲ್ಕು ಜನರ ಮುಂದೆ ತಮ್ಮ ಮಾತು ಬಂದರೆ ಎದ್ದು ಒಳಗೆ ಹೋಗಿಬಿಡುವ ಸ್ವಭಾವ ಅವರದು. ಊರಿನವರೆಲ್ಲ ಟೈಲರ್ ಅಕ್ಕ ಎನ್ನುತ್ತಿದ್ದರು. ಅವರಿಗಿಂತ ಹತ್ತು ವರ್ಷ ಹಿರಿಯರಾದ ಹೆಂಗಸರೂ ಅಕ್ಕ ಎಂದೇ ಕರೆಯುತ್ತಿದ್ದರು. ನನಗೂ ಅವರು ಅಕ್ಕ.

ನಾನು ನ್ಯಾಮತಿಗೆ ಹೋದಾಗ ನನಗೆ ಇಪ್ಪತ್ತಾರು ವರ್ಷ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸ. ಊರು ಆಗಷ್ಟೇ ತಾಲೂಕು ಕೇಂದ್ರವಾಗಿತ್ತು, ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಹೊಸದು. ಅಕ್ಕನ ಅಂಗಡಿಯ ಮೇಲಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಮುಂಭಾಗದಲ್ಲಿ ಅಂಗಡಿ, ಹಿಂದಿನ ಕೋಣೆಯಲ್ಲಿ ಅವರ ವಾಸ. ಕಟ್ಟಡದ ಮಾಲೀಕರು ಬೇರೆ, ಅಕ್ಕನೂ ಬಾಡಿಗೆಗೇ ಇದ್ದರು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳನ್ನು ಚನ್ನಗಿರಿ ಕಡೆಯ ಕತ್ತಲಗೆರೆಗೆ ಕೊಟ್ಟಿದ್ದರು.

ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ತುಟಿಯ ಬಲಗಡೆಯ ಮೂಲೆಯಲ್ಲಿ ನಾಲ್ಕೈದು ಸೂಜಿ, ಎಡಗಡೆಯಿಂದ ಮಾತು. ಹೊಸಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿನ ಪಟ್ಟಿಗೆ ಚುಚ್ಚಿಕೊಂಡರೆಂದರೆ ಮುಂದಿನ ಮಾತು ಗಟ್ಟಿಯದು ಎಂದು ಅರ್ಥ. ಎದುರಿಗಿದ್ದವರು ತಾವಾಗಿಯೇ ನೆಟ್ಟಗೆ ಕೂರುತ್ತಿದ್ದರು.

ಹಬ್ಬದ ಮುಂಚೆ ಬಟ್ಟೆ ತಂದವರಿಗೆ ಬೇರೆ ಅಂಗಡಿಗಳಲ್ಲಿ "ನಾಳೆ ಬನ್ರಿ, ನಾಡಿದ್ದು ಬನ್ರಿ" ಎಂಬ ಮಾತು. ಅಕ್ಕ ಮಾತ್ರ ಗಂಟನ್ನು ಬಿಚ್ಚುವ ಮೊದಲೇ, "ಹಬ್ಬದೊಳಗೆ ಆಗಲ್ಲ. ಬೇರೆ ಕಡೆ ಹೊಲಿಸ್ಕೊಳ್ರಿ, ಬೇಜಾರಿಲ್ಲ" ಎನ್ನುತ್ತಿದ್ದರು. ಜನ ಬೈದುಕೊಂಡು ಹೋಗುತ್ತಿದ್ದರು, ಹಬ್ಬ ಮುಗಿದ ಮೇಲೆ ಅವರ ಹತ್ತಿರವೇ ಬರುತ್ತಿದ್ದರು.

ಒಮ್ಮೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಚಿಕ್ಕಂದಿನ ಯಾವುದೋ ಕಾಯಿಲೆಯಿಂದ ಹುಡುಗಿಯ ಒಂದು ತೋಳು ಸಣಕಲಾಗಿತ್ತು. ಅವಳು ಸೆರಗನ್ನು ಎಳೆದೆಳೆದು ಆ ತೋಳನ್ನು ಮುಚ್ಚಿಕೊಳ್ಳುತ್ತಿದ್ದಳು. ಅಕ್ಕ ಆ ಕಡೆ ಟೇಪನ್ನೇ ಒಯ್ಯಲಿಲ್ಲ. ಇನ್ನೊಂದು ತೋಳಿನ ಅಳತೆಯನ್ನಷ್ಟೇ ಬರೆದುಕೊಂಡು, "ಆತು, ಸೋಮವಾರ ಬನ್ನಿ" ಎಂದರು. ಸೋಮವಾರ ಹುಡುಗಿ ರವಿಕೆ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಎರಡು ತೋಳೂ ಒಂದೇ ಸಮ ಕಾಣುತ್ತಿದ್ದವು. ಒಳಗೆ ಏನು ಸೇರಿಸಿದ್ದರೋ, ಎಲ್ಲಿ ಹಿಡಿದಿದ್ದರೋ ನನಗೂ ಗೊತ್ತಾಗಲಿಲ್ಲ. ಹುಡುಗಿ ಸೆರಗು ಎಳೆಯುವುದನ್ನು ಮರೆತು ತಾಯಿಯ ಹಿಂದೆ ಹೊರಟಳು. ನಾನು ಹೊಗಳಲು ಹೋದರೆ ಅಕ್ಕ, "ಲೈಟಿಗೆ ಅಡ್ಡ ನಿಲ್ಲಬ್ಯಾಡ್ರಿ ಮೇಡಂ, ಕಾಜ ಕಾಣಂಗಿಲ್ಲ" ಎಂದರು.

ಆಗ ನಾನಿನ್ನೂ ಅವರಿಗೆ ಮೇಡಂ.

ಬೆಕ್ಕು ಬಂದದ್ದು ಒಂದು ಬೇಸಿಗೆಯಲ್ಲಿ. ಬೂದಿ ಬಣ್ಣ, ಎದೆಯ ಮೇಲೆ ಬಿಳಿ. ಬೀದಿಯಲ್ಲೇ ಹುಟ್ಟಿ ಬೀದಿಯಲ್ಲೇ ಬೆಳೆದ ಹೆಣ್ಣು ಬೆಕ್ಕು. ಬಿಸಿಲು ತಾಳಲಾರದೆ ಅಂಗಡಿಗೆ ನುಗ್ಗಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚೂರುಬಟ್ಟೆಯ ಗುಡ್ಡೆಯ ಮೇಲೆ ಮಲಗಿತು. ಅಕ್ಕ ಓಡಿಸಲಿಲ್ಲ. ಡಬ್ಬಿಯ ಮುಚ್ಚಳದಲ್ಲಿ ಮೊಸರನ್ನ ಹಾಕಿದರು. ಏನು ಹೆಸರಿಡೋಣ ಎಂದು ನಾನು ಕೇಳಿದ್ದಕ್ಕೆ, "ಹೆಸರಿಟ್ರೆ ಮನೇದಾಗತೈತೆ. ಅದು ಬೀದೀದು, ಅದರಷ್ಟಕ್ಕೆ ಇರಲಿ" ಎಂದರು. ಬೆಕ್ಕು ಬೆಕ್ಕಾಗಿಯೇ ಉಳಿಯಿತು. ಹಗಲು ಗುಡ್ಡೆಯ ಮೇಲೆ ಮಲಗುವುದು, ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ತಾನೇ ಎದ್ದು ಹೊರಗೆ ಹೋಗುವುದು.

ಒಂದು ಸಂಜೆ ನಾನು ಲ್ಯಾಬಿನಿಂದ ಬಂದಾಗ ಅಕ್ಕ ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಅಂಗಡಿಯ ಹೊರಗೆ ಕೂತಿದ್ದರು. ಇಡೀ ದಿನ ದಪ್ಪ ಬಟ್ಟೆ ಕತ್ತರಿಸಿ ಕೈ ಊದಿತ್ತು. "ಮೇಡಂ, ಒಂಚೂರು ಶಟರ್ ಎಳೀರಿ" ಎಂದರು. ಕೊಕ್ಕೆಯ ಕೋಲು ತೆಗೆದುಕೊಂಡು, ಉಪಕಾರ ಮಾಡುವ ಉಮೇದಿನಲ್ಲಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದೆ. ಕೆಳಗೆ ನೋಡಲಿಲ್ಲ.

ಶಟರ್ ನೆಲಕ್ಕೆ ಬಡಿದ ಸದ್ದಿನ ಜೊತೆಗೇ ಒಂದು ಕೂಗು ಕೇಳಿತು. ಬೆಕ್ಕು ಅಷ್ಟು ದೊಡ್ಡದಾಗಿ ಕೂಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಅದರ ಮೈ ಹೊರಗೆ, ಬಾಲ ಶಟರಿನ ಕೆಳಗೆ. ಬಿಡಿಸಿಕೊಳ್ಳಲು ಮುಂಗಾಲು ಊರಿ ಜಗ್ಗುತ್ತಿತ್ತು. ನನ್ನ ಕೈ ಕೋಲಿಗೆ ಅಂಟಿಕೊಂಡಂತಾಯಿತು. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಊದಿದ ಕೈಯಲ್ಲೇ ಶಟರ್ ಎತ್ತಿದರು. ಬೆಕ್ಕು ಹಾರಿ ಮೆಟ್ಟಿಲ ಕೆಳಗಿನ ಕತ್ತಲೆಗೆ ಓಡಿತು. ಬಾಲ ತನಗೆ ಸೇರಿದ್ದಲ್ಲವೆಂಬಂತೆ ಹಿಂದೆ ಎಳೆದುಕೊಂಡು ಹೋಯಿತು. ಸಿಮೆಂಟಿನ ಮೇಲೆ ರಕ್ತದ ಗೆರೆ ಬಿದ್ದಿತ್ತು.

ನಾನು ಅಲ್ಲೇ ಕುಸಿದು ಕೂತು ಅಳತೊಡಗಿದೆ. "ನಾನು ನೋಡಲಿಲ್ಲ ಅಕ್ಕ, ನಾನು ನೋಡಲೇ ಇಲ್ಲ."

"ಹೌದು, ನೋಡಲಿಲ್ಲ" ಎಂದರು ಅಕ್ಕ. ಇರಲಿ ಬಿಡು ಎನ್ನಲಿಲ್ಲ, ಯಾಕೆ ಹೀಗೆ ಮಾಡಿದೆ ಎಂದೂ ಕೇಳಲಿಲ್ಲ. "ಅಳೋದು ಆಮೇಲೆ. ಮೇಲೆ ಹೋಗಿ ಟಾರ್ಚ್ ತಗೊಂಡ್ ಬಾ."

ಬನ್ನಿ ಅಲ್ಲ, ಬಾ. ಆ ಗಾಬರಿಯಲ್ಲೂ ನನ್ನ ಕಿವಿಗೆ ಅದು ಬಿತ್ತು. ಅವತ್ತು ಹೋದ ಮೇಡಂ ಮತ್ತೆ ಬರಲಿಲ್ಲ.

ನಾನು ಟಾರ್ಚ್ ಹಿಡಿದೆ. ಅಕ್ಕ ಚೂರುಬಟ್ಟೆಗಳಿಂದ ತಾವೇ ಹೊಲಿದ ಕೌದಿಯೊಂದನ್ನು ತಂದು, ಮೆಟ್ಟಿಲ ಕೆಳಗೆ ಬಗ್ಗಿ ಕೂತರು. ಬೆಕ್ಕು ಹಲ್ಲು ಕಿಸಿದು ಗುರುಗುಟ್ಟಿತು. ಅವರು ಅದರ ಕಡೆ ನೋಡದೆ, ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಸುಮ್ಮನೆ ಕೂತರು. ಗುರುಗುಟ್ಟುವುದು ನಿಂತ ಮೇಲೆ ಕೌದಿಯನ್ನು ನಿಧಾನವಾಗಿ ಮೇಲೆ ಹಾಸಿ, ಕತ್ತಿನ ಹಿಂದೆ ಹಿಡಿದು, ಒಂದೇ ಸುತ್ತಿಗೆ ಮಗುವಿನಂತೆ ಸುತ್ತಿ ಎತ್ತಿಕೊಂಡರು. ಬೀದಿಯ ಕೊನೆಯಲ್ಲಿ ಪಶು ಆಸ್ಪತ್ರೆಯ ಸಿಬ್ಬಂದಿಯೊಬ್ಬರ ಮನೆಯಿತ್ತು. ಅವರು ನೋವಿನ ಇಂಜೆಕ್ಷನ್ ಕೊಟ್ಟು ಬ್ಯಾಂಡೇಜು ಸುತ್ತಿ, "ಇದು ನನ್ನ ಕೈಲಾಗೋದಲ್ಲ. ಬೆಳಿಗ್ಗೆ ಹೊನ್ನಾಳಿ ಡಾಕ್ಟ್ರ ಹತ್ರ ಒಯ್ರಿ" ಎಂದರು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಬಿದಿರ ಬುಟ್ಟಿಯಲ್ಲಿ ಬೆಕ್ಕು, ಮೇಲೆ ಇನ್ನೊಂದು ಬುಟ್ಟಿ ಮುಚ್ಚಿ ದಾರ ಬಿಗಿದದ್ದು. ಬುಟ್ಟಿ ನನ್ನ ತೊಡೆಯ ಮೇಲೆ. ಒಳಗಿನಿಂದ ಕ್ಷೀಣವಾಗಿ ಮಿಯಾವ್ ಎಂದ ಕೂಡಲೇ ಪಕ್ಕದ ಸೀಟಿನ ಯಜಮಾನರು ಮುಖ ಕಿವಿಚಿದರು. "ಬೆಳಿಗ್ಗೆ ಬೆಳಿಗ್ಗೆ ಬೆಕ್ಕು ಎದುರಿಗೆ ಬಂತಲ್ರೀ. ನಾನು ಕೋರ್ಟ್ ಕೆಲಸಕ್ಕೆ ಹೊಂಟೀನಿ."

"ಎದುರಿಗೆಲ್ಲಿ ಬಂದೈತ್ರೀ?" ಎಂದರು ಅಕ್ಕ. "ಜತೀಗೆ ಬಂದೈತೆ."

ಹೊನ್ನಾಳಿಯಲ್ಲಿ ಇಳಿಯುವಾಗ ಬುಟ್ಟಿಗೆ ಯಜಮಾನರೇ ಒಂದು ಕೈ ಕೊಟ್ಟರು.

ಡಾಕ್ಟರು ಮಧ್ಯವಯಸ್ಸಿನವರು. ದಿನವಿಡೀ ಎಮ್ಮೆ, ಆಕಳು, ಕುರಿಗಳ ನಡುವೆ ಇರುವವರು. ಮೇಜಿನ ಮೇಲೆ ಬೆಕ್ಕನ್ನು ಮಲಗಿಸಿ ಬಾಲದ ತುದಿಯನ್ನು ಚಿಮಟದಿಂದ ಹಿಡಿದು ಒತ್ತಿದರು. ಬೆಕ್ಕು ತಿರುಗಿ ನೋಡಲಿಲ್ಲ. ನಡುವೆ ಒತ್ತಿದರು, ಆಗಲೂ ಇಲ್ಲ. ಚರ್ಮ ಸುಲಿದು ಮೂಳೆ ಕಾಣುತ್ತಿತ್ತು.

"ಬಾಲ ಉಳಿಯಲ್ಲ. ಬುಡದಿಂದ ತೆಗೀಬೇಕು" ಎಂದರು. ಆಮೇಲೆ ಹೊಟ್ಟೆಯನ್ನು ಮುಟ್ಟಿ ನೋಡಿದರು. "ನಿನ್ನೆಯಿಂದ ಉಚ್ಚೆ ಹೊಯ್ದೈತಾ?"

ಹೊಯ್ದಿರಲಿಲ್ಲ.

"ಜಗ್ಗಿದ ಏಟಿಗೆ ಬಾಲದ ಬುಡದ ನರಕ್ಕೆ ಪೆಟ್ಟಾಗೈತೆ. ಉಚ್ಚೆ ಚೀಲದ ನರ ಇರೋದೂ ಅಲ್ಲೇ. ಚೀಲ ತುಂಬಿ ಕಲ್ಲಾಗೈತೆ, ಹೊಯ್ಯಾಕೆ ಇದಕ್ಕೆ ಬರ್ತಾ ಇಲ್ಲ. ಬಾಲ ಇಲ್ಲದಿದ್ರೂ ಬೆಕ್ಕು ಬದುಕತೈತೆ. ಇದಾಗದಿದ್ರೆ ಬದುಕಲ್ಲ." ಥರ್ಮಾಮೀಟರಿನ ತುದಿಯಿಂದ ಬಾಲದ ಕೆಳಗೆ ಮುಟ್ಟಿದರು. ಬೆಕ್ಕು ಅಲ್ಲಿ ಚೂರು ಬಿಗಿ ಮಾಡಿತು. "ಹಾಂ, ಇಲ್ಲಿ ಒಂಚೂರು ಜೀವ ಐತೆ. ನರ ಪೂರ್ತಿ ಹೋಗಿಲ್ಲ. ದಿನಕ್ಕೆ ಮೂರು ಸಲ ಕೈಯಿಂದ ಒತ್ತಿ ಉಚ್ಚೆ ತೆಗೀಬೇಕು. ಒಂದು ತಿಂಗಳು ನೋಡಬಹುದು. ಬೀದಿ ಬೆಕ್ಕು, ಇಷ್ಟೆಲ್ಲ ಯಾರು ಮಾಡ್ತಾರೆ ಅಂದ್ರೆ... ನೋವಿಲ್ಲದಂಗೆ ಮಲಗಿಸಿಬಿಡೋ ಇಂಜೆಕ್ಷನ್ನೂ ಐತೆ. ನೀವೇ ಯೋಚನೆ ಮಾಡ್ರಿ."

ಮಲಗಿಸಿಬಿಡಲಿ ಎಂದು ನನ್ನ ಮನಸ್ಸಿನ ಒಂದು ಮೂಲೆ ಹೇಳಿತು. ಈಗ ಹೇಳಿಕೊಳ್ಳಲು ನಾಚಿಕೆ, ಆದರೆ ಅದು ನಿಜ. ಆ ಬೆಕ್ಕು ಇರುವತನಕ ನನ್ನ ತಪ್ಪು ಕಣ್ಣೆದುರಿಗೇ ಓಡಾಡುತ್ತಿರುತ್ತದೆ ಅನ್ನಿಸಿತ್ತು.

ಅಕ್ಕ ಕೇಳಿದರು: "ಒತ್ತೋದು ಹೆಂಗೆ ಅಂತ ತೋರಿಸ್ರಿ."

"ನಿಮಗಾ?"

"ಇಬ್ಬರಿಗೂ. ಈಕಿ ಲ್ಯಾಬಿನಾಕಿ, ಬೇಗ ಕಲೀತಾಳೆ."

ಆಪರೇಷನ್ನಿಗೆ ಮುಂಚೆ ಡಾಕ್ಟರು ಚೀಟಿ ಬರೆಯುತ್ತ ಪ್ರಾಣಿಯ ಹೆಸರು ಕೇಳಿದರು. "ಬೆಕ್ಕು" ಎಂದರು ಅಕ್ಕ. ಅದು ಜಾತಿ ಆಯಿತು, ಹೆಸರು ಹೇಳಿ ಎಂದರು ಡಾಕ್ಟರು. "ಎರಡೂ ಕಡೆ ಅದನ್ನೇ ಬರೀರಿ." ಚೀಟಿಯಲ್ಲಿ ಹಾಗೇ ಇತ್ತು: ಪ್ರಾಣಿ ಬೆಕ್ಕು, ಹೆಸರು ಬೆಕ್ಕು, ಯಜಮಾನರು ಎಂಬ ಕಡೆ ಅಕ್ಕನ ಹೆಸರಿನ ಕೆಳಗೆ, ಅವರೇ ಒತ್ತಾಯ ಮಾಡಿ ಬರೆಸಿದ ನನ್ನ ಹೆಸರು.

ಸಂಜೆ ಬಾಲವಿಲ್ಲದ ಬೆಕ್ಕಿನೊಂದಿಗೆ ನ್ಯಾಮತಿಗೆ ಬಂದೆವು. ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ಕಿನ ಕೊಳಗ ಹೊನ್ನಾಳಿಯಲ್ಲಿ ಸಿಕ್ಕಿರಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಕೆಳಗಿಳಿದು ಬರುವಷ್ಟರಲ್ಲಿ ಅಕ್ಕ ಶರ್ಟಿನ ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸನ್ನು ಎರಡು ಪದರ ಮಾಡಿ ಒಂದು ಕೊಳಗ ಹೊಲಿದಿದ್ದರು. ಅಂಚು ಮುಚ್ಚಿ ಕೆಂಪು ಬಟ್ಟೆಯ ಪೈಪಿಂಗ್. ಬೆಕ್ಕಿಗೆ ಪೈಪಿಂಗ್ ಯಾಕೆ ಎಂದರೆ, "ಅಂಚು ಹಂಗೇ ಬಿಟ್ರೆ ಕುತ್ತಿಗೆ ಕೊಯ್ಯತೈತೆ. ಅಲ್ದೆ, ಹೊಲಿದೋರು ಯಾರು ಅಂತ ನಾಲ್ಕು ಜನ ಕೇಳ್ತಾರೆ" ಎಂದರು. ನಗಲಿಲ್ಲ. ಆ ವಾರ ಅವರು ನಕ್ಕದ್ದನ್ನು ನಾನು ನೋಡಲಿಲ್ಲ. ಬೆಕ್ಕಿನ ಚಿಂತೆ ಎಂದುಕೊಂಡೆ.

ಬೆಳಿಗ್ಗೆ ಮತ್ತು ಸಂಜೆಯ ಪಾಳಿ ನನ್ನದು, ಮಧ್ಯಾಹ್ನದ್ದು ಅವರದು. ಇದನ್ನು ಅವರು ನನ್ನನ್ನು ಕೇಳಿ ತೀರ್ಮಾನಿಸಲಿಲ್ಲ, ಹೇಳಿದರು ಅಷ್ಟೇ. ದಿನಕ್ಕೆ ಇಪ್ಪತ್ತು ಮೂವತ್ತು ಜನರ ಮೂತ್ರದ ಬಾಟಲಿ ಹಿಡಿಯುವ ನನಗೆ ಆ ಬೆಕ್ಕಿನ ಹೊಟ್ಟೆ ಮುಟ್ಟಲು ಧೈರ್ಯ ಸಾಲುತ್ತಿರಲಿಲ್ಲ. ಬಾಟಲಿಗೆ ನೋವಾಗುವುದಿಲ್ಲವಲ್ಲ. ಮೊದಲ ದಿನ ನಾನು ಮುಟ್ಟಿದೆ ಎನ್ನುವಷ್ಟು ಮುಟ್ಟಿ, "ಬರ್ತಿಲ್ಲ ಅಕ್ಕ" ಎಂದೆ. ಅಕ್ಕ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟರು. ಸೂಜಿ ಚುಚ್ಚಿ ಚುಚ್ಚಿ ತುದಿ ಗಡುಸಾದ ಬೆರಳುಗಳು.

"ಹುಡುಕು. ಒಳಗೆ ನಿಂಬೆಹಣ್ಣಿನಂಗೆ ಸಿಗತೈತೆ. ಸಿಕ್ತಾ? ಹಿಂಡಬ್ಯಾಡ. ರೇಷ್ಮೆ ಮೇಲೆ ಇಸ್ತ್ರಿ ಇಡೋ ಹಂಗೆ, ಭಾರ ಬಿಡು, ಒತ್ತಬ್ಯಾಡ. ಬಿಟ್ಟು ಕಾಯಿ."

ಕಾದೆ. ಚೂರುಬಟ್ಟೆಯ ಮೇಲೆ ಬೆಚ್ಚಗೆ ಹರಿಯಿತು. ನನ್ನ ಕಣ್ಣಲ್ಲೂ ನೀರು ಬಂತು. ಅಕ್ಕ ಆಗಲೇ ಮಿಷಿನ್ನಿನ ಕಡೆ ಹೋಗಿದ್ದರು.

ಹನ್ನೊಂದನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡು ಬಂದೆವು. ಗಾಯ ಒಣಗಿತ್ತು. ಬೆಕ್ಕು ಓಡಾಡುತ್ತಿತ್ತು, ಮೊದಮೊದಲು ಮೇಜಿಗೆ ಹಾರುವಾಗ ತೂಕ ತಪ್ಪಿ ಬೀಳುತ್ತಿತ್ತು, ಮತ್ತೆ ಹಾರುತ್ತಿತ್ತು. ಆದರೆ ಉಚ್ಚೆ ಮಾತ್ರ ನಮ್ಮ ಕೈಯಿಂದಲೇ ಆಗಬೇಕಿತ್ತು. ಅಷ್ಟರಲ್ಲಿ ಕತ್ತಲಗೆರೆಯಿಂದ ಫೋನ್ ಬಂತು. ಮಗಳಿಗೆ ವಿಪರೀತ ಜ್ವರ, ನೋಡಿಕೊಳ್ಳುವವರು ಬೇಕು. ಅಕ್ಕ ಚೀಲಕ್ಕೆ ಎರಡು ಸೀರೆ ತುಂಬಿ ಹೊರಟರು.

"ಮೂರು ದಿನ. ಮೂರು ಹೊತ್ತೂ ನಿನ್ನದೇ" ಎಂದರು.

"ನನ್ನ ಕೈಲಾಗದಿದ್ರೆ ಅಕ್ಕ?"

ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿನ ಪಟ್ಟಿಗೆ ಚುಚ್ಚಿಕೊಂಡರು. "ಹತ್ತು ದಿನದಿಂದ ಯಾರ ಕೈಲಿ ಆಗೈತೆ?" ಅಷ್ಟು ಹೇಳಿ ಬಸ್ಸಿಗೆ ಹೋದರು.

ಎರಡನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಡಿ ಬಂದರೆ ಬೆಕ್ಕು ಮುದುಡಿ ಮಲಗಿತ್ತು. ಅನ್ನದ ಮುಚ್ಚಳ ಮುಟ್ಟಿರಲಿಲ್ಲ. ಹೊಟ್ಟೆಗೆ ಕೈಯಿಟ್ಟ ಕೂಡಲೇ ಕಿರುಚಿ ನನ್ನ ಹೆಬ್ಬೆರಳನ್ನು ಕಚ್ಚಿತು. ರಕ್ತ ಬಂತು. ಅಕ್ಕನಿಗೆ ಫೋನ್ ಮಾಡಿದೆ, ಅವರು ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಯಾರೂ ಇಲ್ಲದ ಅಂಗಡಿಯಲ್ಲಿ, ಮುಚ್ಚಿದ ಮಿಷಿನ್ನಿನ ಪಕ್ಕ ನೆಲದ ಮೇಲೆ ಕೂತು, ಮುಖ ಗೋಡೆಗೆ ತಿರುಗಿಸಿದೆ. ಅವತ್ತು ಮೆಟ್ಟಿಲ ಕೆಳಗೆ ಅಕ್ಕ ಕೂತ ಹಾಗೆ ಬಹಳ ಹೊತ್ತು ಕೂತೆ. ಬೆಕ್ಕಿನ ಉಸಿರು ನಿಧಾನವಾಯಿತು. ಕೌದಿ ಸುತ್ತಿ ತೊಡೆಯ ಮೇಲೆ ಎತ್ತಿಕೊಂಡೆ. ನಿಂಬೆಹಣ್ಣು ಸಿಕ್ಕಿತು. ಭಾರ ಬಿಟ್ಟೆ, ಕಾದೆ. ಬಂತು, ಆದರೆ ಮಜ್ಜಿಗೆ ನೀರಿನಂತೆ ಕದಡಿತ್ತು.

ಅಳುವ ಯೋಚನೆ ಬರಲಿಲ್ಲ. ಒಂದು ಬಾಟಲಿಗೆ ಹಿಡಿದು ಲ್ಯಾಬಿಗೆ ಒಯ್ದೆ. ರಿಜಿಸ್ಟರಿನಲ್ಲಿ ಹೆಸರು: ಬೆಕ್ಕು. ವಯಸ್ಸು: ಎರಡು. ಲಿಂಗ: ಹೆಣ್ಣು. ಲ್ಯಾಬಿನ ಮಾಲೀಕರು ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ ಇದು, ಹಿಂಗೂ ಹೆಸರಿಡ್ತಾರಾ?" ಎಂದರು. ಸೂಕ್ಷ್ಮದರ್ಶಕದ ಕೆಳಗೆ ಕೀವಿನ ಕಣಗಳು ತುಂಬಿದ್ದವು. ಹೊನ್ನಾಳಿ ಡಾಕ್ಟರಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. "ಇಷ್ಟು ನೋಡಿ ಹೇಳೋರು ಇದ್ರೆ ನಮ್ಮ ಕೆಲಸ ಅರ್ಧ ಆದಂಗೆ" ಎಂದು ಔಷಧಿ ಹೇಳಿದರು. ಬೀದಿಯ ಕೊನೆಯ ಪಶು ಆಸ್ಪತ್ರೆಯವರು ಐದು ದಿನ ಬಂದು ಇಂಜೆಕ್ಷನ್ ಕೊಟ್ಟು ಹೋದರು.

ಹೇಳಿಹೋದಂತೆ ಮೂರನೆಯ ದಿನ ಸಂಜೆ ಅಕ್ಕ ಬಂದಾಗ ಬೆಕ್ಕು ಮುಚ್ಚಳ ನೆಕ್ಕುತ್ತಿತ್ತು. ಅಕ್ಕ ಅದನ್ನೊಮ್ಮೆ ನೋಡಿದರು, ನನ್ನ ಹೆಬ್ಬೆರಳಿನ ಪಟ್ಟಿಯನ್ನು ನೋಡಿದರು. ಮಗಳ ಮನೆಯಿಂದ ತಂದ ರೊಟ್ಟಿಯ ಗಂಟು ಬಿಚ್ಚಿ, "ಮೊದಲು ನೀನು ತಿನ್ನು" ಎಂದರು. ಅವತ್ತು ನಕ್ಕರು.

ತಿಂಗಳು ಮುಗಿಯುತ್ತ ಬಂತು. ಬೆಕ್ಕು ಮೈ ತುಂಬಿಕೊಂಡಿತ್ತು, ಇಲಿ ಹಿಡಿಯುತ್ತಿತ್ತು. ಆದರೂ ತಾನಾಗಿ ಉಚ್ಚೆ ಹೊಯ್ಯಲಿಲ್ಲ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚುಕ್ಕೆ ಇಡುತ್ತಿದ್ದೆ. ಇಪ್ಪತ್ತೊಂಬತ್ತನೆಯ ಚುಕ್ಕೆ ಇಟ್ಟ ದಿನ ಅಕ್ಕನ ಮುಂದೆ ನಿಂತು, "ನಾಳೆಗೆ ತಿಂಗಳು" ಎಂದೆ.

"ಆಗಲಿ."

"ಡಾಕ್ಟ್ರು ಒಂದು ತಿಂಗಳು ಅಂದಿದ್ರು."

"ಡಾಕ್ಟ್ರಿಗೆ ತಿಂಗಳು ಗೊತ್ತು. ಬೆಕ್ಕಿಗೆ ಕ್ಯಾಲೆಂಡರ್ ಗೊತ್ತಿಲ್ಲ." ಮಿಷಿನ್ ನಿಲ್ಲಿಸಲಿಲ್ಲ. "ಬರ್ಲಿಲ್ಲ ಅಂದ್ರೆ ನಾನಿರೋತನಕ ಒತ್ತತೀನಿ. ದಿನಕ್ಕೆ ಮೂರು ಸಲ ಚಾ ಕುಡಿಯಲ್ವೇನು? ಹಂಗೆ."

ಅದನ್ನು ಅವರು ಧೈರ್ಯ ತುಂಬಲು ಹೇಳಿದ್ದಲ್ಲ. ಹಾಗೇ ಮಾಡುವವರಿದ್ದರು. ನಾನು ಚುಕ್ಕೆ ಇಡುವುದನ್ನು ನಿಲ್ಲಿಸಿದೆ.

ಎಷ್ಟನೆಯ ದಿನವೆಂದು ಅದರಿಂದಾಗಿಯೇ ಈಗ ಹೇಳಲಾರೆ. ಒಂದು ಭಾನುವಾರ ಬೆಳಿಗ್ಗೆ ಮೇಲಿನ ಕೋಣೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಕೆಳಗಿನಿಂದ ಅಕ್ಕನ ಕೂಗು ಕೇಳಿತು. ಅವರು ಕೂಗುವವರಲ್ಲ. ಸೋಪಿನ ಕೈಯಲ್ಲೇ ಮೆಟ್ಟಿಲಿಳಿದು ಓಡಿದೆ. ಅಕ್ಕ ಮೇಜಿನ ಮುಂದೆ ನಿಂತಿದ್ದರು. ಮೇಜಿನ ಮೇಲೆ ಮಾವಿನ ಚಿಗುರು ಬಣ್ಣದ ರೇಷ್ಮೆ ರವಿಕೆ, ತೋಳು ಕೂಡಿಸುವುದೊಂದು ಬಾಕಿ. ಅದರ ಮೇಲೆ ಬೆಕ್ಕು. ಬೆಕ್ಕಿನ ಕೆಳಗೆ ಅಗಲವಾಗಿ ಹರಡುತ್ತಿರುವ ಒದ್ದೆ.

"ನೀನು ಮುಟ್ಟಿದ್ಯಾ?" ಎಂದರು ಅಕ್ಕ.

"ಇಲ್ಲ."

"ನಾನೂ ಮುಟ್ಟಿಲ್ಲ."

ನಾವಿಬ್ಬರೂ ಬೆಕ್ಕನ್ನೇ ನೋಡುತ್ತ ನಿಂತೆವು. ಅದು ಕೆಲಸ ಮುಗಿಸಿ, ಹಿಂಗಾಲಿನಿಂದ ರೇಷ್ಮೆಯನ್ನು ಎರಡು ಸಲ ಕೆದರಿ, ಕೆಳಗೆ ಹಾರಿ, ಬಿಸಿಲಿಗೆ ಹೋಗಿ ಕೂತಿತು. ಅಕ್ಕ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಅಷ್ಟರಲ್ಲಿ ಪಕ್ಕದ ಗಿರಣಿಯವರು, ಎದುರಿನ ಬಳೆ ಅಂಗಡಿಯವರು ಓಡಿ ಬಂದಿದ್ದರು. ತಿಂಗಳಿಂದ ಇಡೀ ಬೀದಿ ಬೆಳಿಗ್ಗೆ ಎದ್ದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಗಿರಣಿಯವರು ಬಾಗಿಲಲ್ಲೇ ನಿಂತು, "ಹೊಯ್ತಾ?" ಎಂದರು. "ಹೊಯ್ತು" ಎಂದೆ. ಅವರು ತಿರುಗಿ ಬೀದಿಗೆ ಕೂಗಿ ಹೇಳಿದರು.

ಸಂತೋಷ ಒಂದು ಕಡೆ, ಹಾಳಾದ ರವಿಕೆ ಇನ್ನೊಂದು ಕಡೆ. ಅದು ಸೂರಗೊಂಡನಕೊಪ್ಪದ ಒಬ್ಬ ತಾಯಿ ಮಗಳ ಮದುವೆಗೆ ಕೊಟ್ಟದ್ದು. ಸೀರೆಯ ಜೊತೆಗೇ ನೇಯ್ದು ಬಂದ ಬಟ್ಟೆ, ಅಂಗಡಿಯಲ್ಲಿ ಅದರ ಜೋಡಿ ಸಿಗುವುದಿಲ್ಲ. ತೊಳೆದು ನೋಡಿದರೆ ಎಡಭಾಗದಲ್ಲಿ ಬಣ್ಣ ಕದಡಿ ಮೋಡದಂತಹ ಕಲೆ ಉಳಿಯಿತು. ಅಕ್ಕ ರವಿಕೆಯನ್ನು ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿದರು.

"ಫೋನ್ ಮಾಡಿ ಹೇಳಬಹುದಲ್ಲ ಅಕ್ಕ?"

"ಇದನ್ನ ಫೋನಿನಾಗೆ ಹೇಳೋದಲ್ಲ. ನೀನೂ ಬಾ."

ಆ ಮನೆಯಲ್ಲಿ ಚಪ್ಪರದ ಕೆಲಸ ನಡೆದಿತ್ತು. ತಾಯಿ ನೀರು ಕೊಟ್ಟು ಕೂರಿಸಿದರು. ಅಕ್ಕ ನೀರು ಕುಡಿಯುವ ಮೊದಲೇ ರವಿಕೆ ಬಿಚ್ಚಿ ಕಲೆ ಮೇಲೆ ಬರುವಂತೆ ಹಾಸಿದರು. "ನಿಮ್ಮ ಮಗಳ ರವಿಕೆ ಮೇಲೆ ಬೆಕ್ಕು ಉಚ್ಚೆ ಹೊಯ್ದೈತೆ. ಬಟ್ಟೆ ಮೇಜಿನ ಮೇಲೆ ಬಿಟ್ಟು ನೀರಿಗೆ ಹೋಗಿದ್ದು ನಾನು. ತಪ್ಪು ನಂದೇ."

ತಾಯಿ ಕಲೆಯನ್ನು ನೋಡಿದರು, ಅಕ್ಕನನ್ನು ನೋಡಿದರು. ಮದುವೆಗೆ ಒಂಬತ್ತು ದಿನವಿತ್ತು.

"ಯಾವ ಬೆಕ್ಕು?" ಎಂದರು. "ಅಳತೆ ಕೊಡಾಕೆ ಬಂದಾಗ ಇತ್ತಲ್ಲ, ಕೊರಳಿಗೆ ಕೆಂಪು ಅಂಚಿನ ಕೊಳಗ ಹಾಕ್ಕೊಂಡು, ಅದಾ?"

"ಅದೇ."

"ಬಾಲ ಹೋಗಿದ್ದು? ನೀವು ಹೊಟ್ಟೆ ಒತ್ತಿ ಒತ್ತಿ ಹೊಯ್ಯಿಸ್ತಿದ್ರಿ?"

"ಹೂಂ."

"ತಾನೇ ಹೊಯ್ತಾ?"

"ತಾನೇ."

ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದರು. ನಗುತ್ತಲೇ ಒಳಗಿನವರನ್ನು ಕರೆದರು. ಮದುಮಗಳು ಬಂದಳು, ಅಜ್ಜಿ ಬಂದರು, ಎಲ್ಲರೂ ಕಲೆಯ ಸುತ್ತ ನಿಂತು ನೋಡಿದರು. "ಎಡಗಡೆ ಅಲ್ವೇನ್ರೀ, ಸೆರಗು ಮುಚ್ಚತೈತೆ, ಬಿಡ್ರಿ" ಎಂದಳು ಹುಡುಗಿ.

"ಸೆರಗು ಮುಚ್ಚತೈತೆ, ನನ್ನ ಕಣ್ಣು ಮುಚ್ಚಲ್ಲ. ಸೀರೆ ತಗೊಂಡ್ ಬಾ" ಎಂದರು ಅಕ್ಕ. ಸೊಂಟಕ್ಕೆ ಸಿಕ್ಕಿಸಿ ಒಳಗೇ ಉಳಿಯುವ ತುದಿಯಿಂದ ಒಂದು ಪಟ್ಟಿ ಕತ್ತರಿಸಬಹುದೆಂದು ತೋರಿಸಿ, ಅಳೆದು, ಅವರ ಒಪ್ಪಿಗೆ ಪಡೆದು, ಅಲ್ಲೇ ಕತ್ತರಿಸಿಕೊಂಡರು. ಎಡಭಾಗವನ್ನು ಹೊಸದಾಗಿ ಹೊಲಿದು ನಾಲ್ಕೇ ದಿನದಲ್ಲಿ ಕೊಟ್ಟರು. ಮದುವೆಯಲ್ಲಿ ನಾನೇ ಹತ್ತಿರ ನಿಂತು ನೋಡಿದೆ, ಜೋಡಿಸಿದ್ದು ಎಲ್ಲೂ ಕಾಣಲಿಲ್ಲ.

ಮರುವರ್ಷ ಜಗಳೂರಿನಲ್ಲಿ ನನಗೆ ಕೆಲಸ ಸಿಕ್ಕಿ ನ್ಯಾಮತಿ ಬಿಟ್ಟೆ. ಈಗ ನಾನೇ ಒಂದು ಲ್ಯಾಬ್ ನೋಡಿಕೊಳ್ಳುತ್ತೇನೆ. ಆಗೊಮ್ಮೆ ಈಗೊಮ್ಮೆ ಫೋನ್, ವರ್ಷಕ್ಕೊಂದು ಭೇಟಿ. ಅಂಗಡಿ ಮುಚ್ಚಿದರೆಂದು ತಿಳಿದ ಮೇಲೆ ತಡೆಯಲಾರದೆ ಹೋದ ತಿಂಗಳು ಕತ್ತಲಗೆರೆಗೆ ಹೋಗಿದ್ದೆ.

ಕಣ್ಣಿನ ಪೊರೆ ತೆಗೆಸಿಕೊಂಡು ಅಕ್ಕ ಕಪ್ಪು ಕನ್ನಡಕ ಹಾಕಿದ್ದರು. ಪಡಸಾಲೆಯಲ್ಲಿ ಕೂತು ಮೊಮ್ಮಗಳಿಗೆ ಗುಂಡಿ ಹಚ್ಚುವುದನ್ನು ಕಲಿಸುತ್ತಿದ್ದರು. ಬೆಕ್ಕು ಭತ್ತದ ಚೀಲಗಳ ಮೇಲೆ ಮಲಗಿತ್ತು. ವಯಸ್ಸಾಗಿ ಎದೆಯ ಬಿಳಿ ಮಾಸಿದೆ. ಮಗಳು ಚಹಾ ತಂದಳು, ಊರಿನ ಸುದ್ದಿಯೆಲ್ಲ ಆಯಿತು. ನಡುವೆ ಬೆಕ್ಕು ಎದ್ದು ಹಿತ್ತಲಿಗೆ ಹೋಯಿತು, ಮಣ್ಣು ಕೆದರುವ ಸದ್ದು ಕೇಳಿತು. ಅಕ್ಕನೂ ನಾನೂ ಒಟ್ಟಿಗೇ ಮಾತು ನಿಲ್ಲಿಸಿ ಕಿವಿಗೊಟ್ಟೆವು. ಸದ್ದು ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಮಗಳಿಗೆ ಏನೂ ಅರ್ಥವಾಗಲಿಲ್ಲ.

ಆ ನಗುವಿನ ಸಲಿಗೆಯಲ್ಲೇ, ಇಷ್ಟು ವರ್ಷ ನಾಲಿಗೆ ತುದಿಯಲ್ಲಿ ಇಟ್ಟುಕೊಂಡದ್ದನ್ನು ಕೇಳಿದೆ. "ಅಕ್ಕಾ, ಅವತ್ತು ಶಟರ್ ಎಳೆದಾಗ ನನಗೆ ಒಂದು ಮಾತೂ ಬೈಲಿಲ್ಲ. ನಿಮಗೆ ಸಿಟ್ಟೇ ಬರಲಿಲ್ವಾ?"

"ಬರಲಿಲ್ಲ ಅಂತ ಯಾರು ಹೇಳಿದ್ರು?" ಎಂದರು ಅಕ್ಕ. "ಎಂಟು ಹತ್ತು ದಿನ ನಿನ್ನ ಮುಖ ನೋಡಾಕೂ ಮನಸ್ಸಿರಲಿಲ್ಲ. ಮೇಲಿನ ಕೋಣೆ ಖಾಲಿ ಮಾಡ್ಸ್ರಿ ಅಂತ ಕಟ್ಟಡದ ಮಾಲೀಕರಿಗೆ ಹೇಳಿಬಿಡಾನ ಅಂತಾನೂ ಅನ್ಸಿತ್ತು."

ನಾನು ಚಹಾ ಲೋಟ ಕೆಳಗಿಟ್ಟೆ.

"ಅದಕ್ಕೇ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನಿನಗೆ ಆ ಕೆಲಸ ಹಚ್ಚಿದ್ದು. ನೀನು ನೆಲಕ್ಕೆ ಕೂತು ಬಗ್ಗಿ ಬೆಕ್ಕನ್ನ ನೋಡ್ತಿದ್ದೆ. ನಾನು ಮಿಷಿನ್ ಮುಂದೆ ಕೂತು ನಿನ್ನ ನೋಡ್ತಿದ್ದೆ. ನೋಡ್ತಾ ನೋಡ್ತಾ ಹೋತು ನೋಡು ಸಿಟ್ಟು."